ಕರೀ ಟ್ರಂಕಿನೊಳಗಿನ ಬಾಚಿ

ಟ್ರಂಕಿನ ಮುಚ್ಚಳದ ಮೇಲೆ ಬಿಳೀ ಬಣ್ಣದಲ್ಲಿ ಬರೆದ ನಂಬರು, ಅದರ ಮುಂದೆ ಹೆಸರು, ಕೆಳಗೆ ಊರು. ಅದರ ಕೆಳಗೆ ತಾಲ್ಲೂಕು ಹಿರೇಕೆರೂರು, ಜಿಲ್ಲೆ ಧಾರವಾಡ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆಮೇಲೂ ಮಿಲ್ಟ್ರಿ ಕಾಕಾ ಆ ಅಕ್ಷರ ತಿದ್ದಲಿಲ್ಲ. ‘ಆ ಬಣ್ಣ ಬೆಂಗಳೂರಾಗ ಬರದದ್ದು ತಮ್ಮಾ, ಅದನ್ನ ಮುಟ್ಟೂದು ಬ್ಯಾಡ’ ಅಂದಿದ್ದರು.

ಹೋದ ವರ್ಷ ಅವರು ತೀರಿಕೊಂಡು ಹದಿಮೂರು ದಿನ ಕಳೆದ ಮೇಲೆ ಮನೆಯವರು ಆ ಟ್ರಂಕು ತೆಗೆದರು. ನಾನೂ ಇದ್ದೆ. ಮೇಲೆ ಮಡಚಿಟ್ಟ ಹಸಿರು ಸ್ವೆಟರು, ಪಿಂಚಣಿ ಪುಸ್ತಕ, ಒಂದು ಡಬ್ಬಿಯಲ್ಲಿ ಮೂರು ಪದಕ: ಸಂಗ್ರಾಮ ಪದಕ, ಪಶ್ಚಿಮಿ ಸ್ಟಾರ್, ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷದ್ದು. ಅದರ ಕೆಳಗೆ ಎಣ್ಣೆ ಸವರಿ ಅರಿವೆಯಲ್ಲಿ ಸುತ್ತಿದ ಐದು ಉಳಿ, ಒಂದು ಬೈರಿಗೆ, ಹಿಡಿಕೆ ಸವೆದು ಕೈಯ ಆಕಾರಕ್ಕೇ ತಿರುಗಿದ ಒಂದು ಬಾಚಿ. ಎಲ್ಲಕ್ಕಿಂತ ತಳದಲ್ಲಿ ಜೇನು ಪೆಟ್ಟಿಗೆಯ ಒಂದು ಚೌಕಟ್ಟು. ಅದರಲ್ಲಿ ಹಳೆಯ ಮೇಣ ಇನ್ನೂ ಅಂಟಿಕೊಂಡಿತ್ತು.

ಒಬ್ಬ ಮನುಷ್ಯ ಮೂರು ಬದುಕು ಬದುಕಿದ್ದಕ್ಕೆ ಅಷ್ಟೇ ಸಾಕ್ಷಿ. ಬರೆದಿಟ್ಟದ್ದು ಒಂದು ಸಾಲೂ ಇಲ್ಲ.

ಅವರು ನಮ್ಮ ಒಡಹುಟ್ಟಿದ ಬಳಗವಲ್ಲ. ನಮ್ಮದು ಒಕ್ಕಲುತನದ ಮನೆ, ಅವರದು ಬಡಿಗೇರ ಮನೆ. ನಡುವೆ ಒಂದು ಗೋಡೆ. ಊರವರೆಲ್ಲ ಮಿಲ್ಟ್ರಿ ಬಡಿಗೇರು ಅಂತಿದ್ದರು, ನಾವು ಹುಡುಗರು ಕಾಕಾ ಅಂತಿದ್ದೆವು. ಹೆಸರು ಇಲ್ಲಿ ಬರೆಯುತ್ತಿಲ್ಲ. ಹೆಸರು ಹೇಳಿಕೊಂಡು ತಿರುಗುವವರು ಅವರಲ್ಲ.

ನಮ್ಮೂರು ಹಿರೇಕೆರೂರು ತಾಲ್ಲೂಕಿನ ಪಡುವಣ ಅಂಚಿನದು. ತಿಳವಳ್ಳಿ ದಾಟಿದರೆ ಹಾನಗಲ್ಲ ದಾರಿ. ಎಲಿಬಳ್ಳಿ, ಕಬ್ಬಿಣ, ಹಗ್ಗ, ಏನು ಬೇಕಾದರೂ ಹಾನಗಲ್ಲಿಗೇ ಹೋಗುವುದು. ಅವರ ಜೊತೆ ಹೋದಾಗೆಲ್ಲ ಬಸ್ಸಿಗೆ ಹೊತ್ತಿದ್ದರೆ ತಾರಕೇಶ್ವರನ ಗುಡಿಗೆ ಕರೆದೊಯ್ಯುತ್ತಿದ್ದರು. ಬಂದವರೆಲ್ಲ ಕತ್ತೆತ್ತಿ ಚಾವಣಿಯ ದೊಡ್ಡ ಕಮಲ ನೋಡುವ ಗುಡಿ ಅದು. ಕಾಕಾ ಅದನ್ನು ಒಂದು ಸಲ ನೋಡಿ ಹೊರಗೆ ಬಂದು ವೀರಗಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು.

ಶಾಸನಗಳಲ್ಲಿ ಹಾನಗಲ್ಲು ‘ಪಾನುಂಗಲ್’. ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಹೊಯ್ಸಳರಿಗೆ ಈ ಊರಿನ ಮೇಲೆ ಬಹಳ ದಿನದ ಕಣ್ಣು. 1196ರಲ್ಲಿ ಎರಡನೆಯ ಬಲ್ಲಾಳ ದಂಡು ತಂದು ಆನೆಕೆರೆಯ ಹತ್ತಿರ ಬೀಡು ಬಿಟ್ಟು ಊರಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಸೇನಾನಿ ಸೋಹಣಿ ಅವನನ್ನು ಆ ಹೊತ್ತಿಗೆ ಹಿಮ್ಮೆಟ್ಟಿಸಿದ, ಅದೇ ಕಾಳಗದಲ್ಲಿ ತಾನೂ ಮಡಿದ. ಇದು ನಮಗೆ ಗೊತ್ತಿರುವುದು ಹಾನಗಲ್ಲಿನ ಒಂದು ವೀರಗಲ್ಲಿನಿಂದ. ಎಂಟುನೂರು ವರ್ಷದ ಮೇಲೂ ಸೋಹಣಿ ಎಂಬ ಹೆಸರು ಉಳಿದದ್ದು ಯಾರೋ ಒಬ್ಬ ರೂವಾರಿ ಕಲ್ಲಿನಲ್ಲಿ ಅಕ್ಷರ ಕೊರೆದದ್ದಕ್ಕೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ. ದನ ಹೊಡೆದುಕೊಂಡು ಹೋಗುವವರ ಜೊತೆ ಕಾದಿ ಸತ್ತರೆ ತುರುಗೋಳಿನ ಕಲ್ಲು, ಊರು ಉಳಿಸಲು ಸತ್ತರೆ ಊರಳಿವಿನ ಕಲ್ಲು. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲ ಬಿಡುತ್ತಿದ್ದರು. ಇವತ್ತಿನ ಕುಟುಂಬ ಪಿಂಚಣಿಯ ಅಜ್ಜ ಅದು. ಎಂ. ಚಿದಾನಂದಮೂರ್ತಿಯವರೂ ಆರ್. ಶೇಷಶಾಸ್ತ್ರಿಯವರೂ ಈ ಕಲ್ಲುಗಳನ್ನು ಓದಿ ದೊಡ್ಡ ಪುಸ್ತಕಗಳನ್ನೇ ಬರೆದಿದ್ದಾರೆ.

ಕಾಕಾ ಆ ಪುಸ್ತಕ ಓದಿದವರಲ್ಲ. ಕಲ್ಲಿನ ಮೇಲೆ ಬೆರಳಾಡಿಸಿ ಒಂದು ಸಲ ಕೇಳಿದರು: ‘ಬಿಲ್ಲು ಹಿಡದವನ ಹೆಸರು ಬರದಾರ. ಬಿಲ್ಲು ಮಾಡಿದವ ಯಾರಂತ ಎಲ್ಲ್ಯರ ಬರದಾರೇನು, ನೋಡು.’ ನಾನು ಆಗ ಎಂಟನೇ ಇಯತ್ತೆ. ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಎಲ್ಲಿಯೂ ಬರೆದಿಲ್ಲ.

ಇನ್ನೊಂದು ಮಾತು ನನಗೆ ತಡವಾಗಿ ಹೊಳೆಯಿತು. ಈ ಕಲ್ಲುಗಳೆಲ್ಲ ಸತ್ತವರವು. ಕಾಳಗದಿಂದ ಮನೆಗೆ ಬಂದವನು, ಬಂದು ನೇಗಿಲು ಹಿಡಿದವನು, ಮೂವತ್ತು ವರ್ಷ ಬದುಕಿ ಮುಪ್ಪಿನಿಂದ ಹೋದವನು, ಅವನಿಗೆ ಕಲ್ಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲಿದೆ. ಮಣಲೆರ ಎಂಬ ಯೋಧನ ನಾಯಿ ‘ಕಾಳಿ’ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ್ದು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರನ್ನೂ ಮರೆಯದ ನಾಡು ನಮ್ಮದು, ಅದಕ್ಕೆ ನನಗೆ ಹೆಮ್ಮೆ ಇದೆ. ತಿರುಗಿ ಬಂದವರ ವಿಷಯದಲ್ಲಿ ಮಾತ್ರ ನಾವು ಯಾವ ಕಾಲದಲ್ಲೂ ಧಾರಾಳಿಗಳಾಗಿರಲಿಲ್ಲ.

ಹಾಗೆ ನೋಡಿದರೆ ನಮ್ಮ ಸೀಮೆಯ ಹೆಸರುಗಳಲ್ಲೇ ಸೈನಿಕರು ಅಡಗಿದ್ದಾರೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರಿನ ಊರು. ಅವನ ಮಗ ಲೋಕಾದಿತ್ಯನ ಕಾಲದಲ್ಲಿ ಅಲ್ಲೇ ಗುಣಭದ್ರಾಚಾರ್ಯರ ‘ಉತ್ತರಪುರಾಣ’ದ ಪೂಜೆ ನಡೆಯಿತು. ಅದೇ ಸೀಮೆಯ ಬಾಡದ ಕನಕನೂ ಮೊದಲು ಕತ್ತಿ ಹಿಡಿದವನೇ. ಕಾಳಗದಲ್ಲಿ ಗಾಯಗೊಂಡು ಬಿದ್ದ ದಂಡನಾಯಕ ಎದ್ದು ಬಂದು ತಂಬೂರಿ ಹಿಡಿದ ಎನ್ನುತ್ತದೆ ಐತಿಹ್ಯ. ತಿರುಗಿ ಬಂದ ಯೋಧನೊಬ್ಬನ ಮುಂದಿನ ಬದುಕನ್ನು ಕನ್ನಡ ನಾಡು ಪೂರ್ತಿ ನೆನಪಿಟ್ಟುಕೊಂಡಿದ್ದರೆ ಅದು ಕನಕದಾಸರದೊಂದೇ. ಅದೂ ಅವರು ಹಾಡಿದ್ದರಿಂದ. ಬಾಚಿ ಹಿಡಿದವರು ಹಾಡಲಿಲ್ಲ.

ಬಡಿಗೇರ ಹುಡುಗ ಮಿಲ್ಟ್ರಿಗೆ ಹೋದದ್ದು ಬಾಚಿಯ ದೆಸೆಯಿಂದಲೇ. ಧಾರವಾಡ ಸೀಮೆಯ ಹುಡುಗರು ಸೈನ್ಯ ಸೇರಬೇಕೆಂದರೆ ಮೊದಲು ನೆನಪಾಗುವುದು ಬೆಳಗಾವಿ, ಅಲ್ಲಿಯ ಮರಾಠಾ ಲೈಟ್ ಇನ್‌ಫೆಂಟ್ರಿ. ಕಾಕಾಗೆ ಯಾರೋ ತಿಳಿದವರು ಬೆಂಗಳೂರಿನ ದಾರಿ ತೋರಿಸಿದರು. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್, 1780ರಿಂದ ಬಂದ ಪಡೆ. ಮದ್ರಾಸ್ ಸ್ಯಾಪರ್ಸ್ ಅನ್ನುತ್ತಾರೆ. ಸ್ಯಾಪರ್ ಎಂದರೆ ಹೊಳೆಗೆ ಸೇತುವೆ ಹಾಕುವವನು, ದಾರಿ ಕಡಿಯುವವನು, ನೆಲಬಾಂಬು ಹೂಳುವವನು ಮತ್ತು ತೆಗೆಯುವವನು. ಅಲ್ಲಿ ಸೈನಿಕನಿಗೆ ಬಂದೂಕಿನ ಜೊತೆ ಒಂದು ಕಸುಬೂ ಇರುತ್ತದೆ: ಕಮ್ಮಾರಿಕೆ, ಗೌಂಡಿ ಕೆಲಸ, ಬಡಿಗತನ. ಅರವತ್ತರ ದಶಕದ ನಡುವೆ ಮೀಸೆ ಚಿಗುರುವ ವಯಸ್ಸಿನಲ್ಲಿ ಸೇರಿದ ಹುಡುಗನಿಗೆ ಅಪ್ಪನಿಂದ ಕಲಿತದ್ದೇ ಅಲ್ಲಿ ಟ್ರೇಡ್ ಆಯಿತು. ಇಂಚು, ನೂಲಿನ ಲೆಕ್ಕದ ಜೊತೆ ಮಿಲಿಮೀಟರು ಸೇರಿತು.

1971ರ ಯುದ್ಧದ ಬಗ್ಗೆ ಅವರು ಕೂತು ಹೇಳಿದ್ದು ನನಗೆ ನೆನಪಿರುವಂತೆ ಎರಡೇ ಸಲ. ಪಡುವಣ ಗಡಿಯ ಶಕರ್‌ಗಢ ಭಾಗದಲ್ಲಿ ಬಸಂತರ್ ಎಂಬ ಹೊಳೆ. ಆ ಕಾಳಗ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಇಪ್ಪತ್ತೊಂದು ವರ್ಷದ ಅರುಣ್ ಖೇತ್ರಪಾಲ್, ಪೂನಾ ಹಾರ್ಸ್‌ನ ಟ್ಯಾಂಕುಗಳು, ಪರಮವೀರ ಚಕ್ರ. ಆ ಟ್ಯಾಂಕುಗಳು ಹೊಳೆ ದಾಟಿ ಆಚೆ ಹೋಗಬೇಕಾದರೆ ಮೊದಲು ನೆಲಬಾಂಬು ಬಿತ್ತಿದ ಹೊಲದಲ್ಲಿ ಹಾದಿ ಬೇಕಿತ್ತು. ಡಿಸೆಂಬರ್ 15ರ ರಾತ್ರಿ ಗುಂಡಿನ ಮಳೆಯಲ್ಲಿ ಆ ಹಾದಿ ತೆರೆದವರು 9ನೇ ಎಂಜಿನಿಯರ್ ರೆಜಿಮೆಂಟಿನವರು. ಅವರ ಮೇಜರ್ ವಿಜಯ್ ರತ್ತನ್ ಚೌಧರಿಯವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಕಾಕಾ ಆ ಗಡಿಯಲ್ಲಿ ಇದ್ದರು. ತಾವು ಏನು ಮಾಡಿದೆ ಅಂತ ಹೇಳಲಿಲ್ಲ. ನೆಲಬಾಂಬು ಹುಡುಕುವುದು ಹೇಗೆ ಅನ್ನುವುದನ್ನು ಮಾತ್ರ ಹೇಳಿದರು. ಹೊಟ್ಟೆಯ ಮೇಲೆ ಮಲಗಿ, ಸಲಾಕೆಯನ್ನು ಓರೆಯಾಗಿ ಹಿಡಿದು, ಬೊಟ್ಟು ಬೊಟ್ಟಿಗೆ ಮಣ್ಣಿಗೆ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಬಾಂಬಿನ ತಲೆಗೇ ತಾಗುತ್ತದೆ. ‘ಬೈರಿಗಿ ಹಿಡದ ಕೈಗೆ ಕಟಗಿಯೊಳಗ ಗಂಟು ಐತೋ ಟೊಳ್ಳು ಐತೋ ತಿಳೀತದಲ್ಲ, ಹಂಗ. ಕಣ್ಣಿನ ಕೆಲಸ ಅಲ್ಲದು, ಕೈದು.’

ಅಷ್ಟು ಹೇಳಿ ಎದ್ದು ದನಕ್ಕೆ ಮೇವು ಹಾಕಲು ಹೋದರು.

ಪಿಂಚಣಿ ಮೇಲೆ ಊರಿಗೆ ಬಂದಾಗ ನಲವತ್ತೂ ಆಗಿರಲಿಲ್ಲ. ಬ್ಯಾಂಕಿನಲ್ಲಿ ಬಂದೂಕು ಹಿಡಿದು ಬಾಗಿಲಲ್ಲಿ ಕೂಡುವ ಕೆಲಸ ಸಿಕ್ಕಿತ್ತು, ಬೇಡ ಅಂದರು. ಅಪ್ಪನ ಕಮ್ಮಟದ ಚಪ್ಪರ ಹೊಸದಾಗಿ ಹೊದಿಸಿ ಕೂತರು. ಹಾಗೆ ಕೂತ ನಲವತ್ತು ವರ್ಷ ನಾನು ಕಂಡದ್ದು, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಬರೆಯುತ್ತೇನೆ.

ರೋಹಿಣಿ ಮಳೆ ಹನಿಯತೊಡಗಿದರೆ ಬಡಿಗೇರ ಅಂಗಳದಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ಮಿರಗಾ ಕೂಡುವುದರೊಳಗೆ ಎಲ್ಲರಿಗೂ ಕೂರಿಗೆ ಸಜ್ಜಾಗಬೇಕು. ಒಬ್ಬನ ಕುಂಟಿಯ ದಿಂಡು ಸೀಳಿದೆ, ಇನ್ನೊಬ್ಬನ ನೊಗಕ್ಕೆ ಹುಳ ಬಿದ್ದಿದೆ, ಮತ್ತೊಬ್ಬ ಹೊಸ ಈಸು ಹೊತ್ತು ತಂದಿದ್ದಾನೆ. ಕೂರಿಗೆಯ ದಿಂಡು ಜಾಲಿಯದೇ ಆಗಬೇಕು. ಅದೂ ಹೊಲದ ಬದುವಿನಲ್ಲಿ ಬೆಳೆದು, ಕಡಿದ ಮೇಲೆ ನೆರಳಲ್ಲಿ ವರ್ಷ ಆರಿದ್ದು. ದಿಂಡಿಗೆ ತಾಳು, ತಾಳಿಗೊಂದು ಬಿದಿರಿನ ಕೊಳವೆ, ಎಲ್ಲ ಕೊಳವೆ ಮೇಲೆ ಹೋಗಿ ಕೂಡುವಲ್ಲಿ ಬೀಜ ಬಿಡುವ ಬಟ್ಟಲು. ಬಟ್ಟಲಿನ ತೂತುಗಳನ್ನು ಕೊರೆಯುವುದರಲ್ಲೇ ಎಲ್ಲ ಕೆಲಸ ಇರುವುದು. ಹೆಣ್ಣುಮಗಳು ನಡೆಯುತ್ತ ಮುಷ್ಟಿಯಿಂದ ಬಿಡುವ ಜೋಳ ಮೂರೂ ಕೊಳವೆಗೆ ಸಮನಾಗಿ ಹಂಚಿ ಇಳಿಯಬೇಕು. ಒಂದು ತೂತು ಅರ್ಧ ನೂಲು ವಾರೆಯಾದರೂ ಹೊಲದಲ್ಲಿ ಒಂದು ಸಾಲು ದಟ್ಟ, ಒಂದು ಸಾಲು ಬೋಳು. ಆ ತಪ್ಪು ಬೆಳೆ ಎದ್ದ ಮೇಲೆ ಊರಿಗೆಲ್ಲ ಕಾಣುತ್ತದೆ, ಸುಗ್ಗಿಯವರೆಗೂ ಕಾಣುತ್ತಲೇ ಇರುತ್ತದೆ.

ಅದಕ್ಕೇ ಕಾಕಾ ಹೊಸ ಕೂರಿಗೆಯನ್ನು ಹಾಗೇ ಕೊಡುತ್ತಿರಲಿಲ್ಲ. ಅಂಗಳದಲ್ಲಿ ನಿಲ್ಲಿಸಿ, ಪ್ರತಿ ಕೊಳವೆಯ ಕೆಳಗೆ ಒಂದೊಂದು ಬಟ್ಟಲಿಟ್ಟು, ಒಂದು ಮುಷ್ಟಿ ಜೋಳ ಬಿಟ್ಟು, ಕೆಳಗೆ ಬಿದ್ದ ಕಾಳು ಎಣಿಸಲು ನಮ್ಮನ್ನು ಕೂಡಿಸುತ್ತಿದ್ದರು. ನಾನು ಲೆಕ್ಕ ಕಲಿತದ್ದು ಶಾಲೆಯಲ್ಲಿ ಅರ್ಧ, ಆ ಅಂಗಳದಲ್ಲಿ ಅರ್ಧ. ‘ಎಪ್ಪತ್ತೊಂದು, ಅರವತ್ತೊಂಬತ್ತು, ಎಪ್ಪತ್ತು’ ಅಂದರೆ ತಲೆ ಆಡಿಸುವರು. ‘ಎಂಬತ್ತು, ಅರವತ್ತು’ ಅಂದರೆ ಮಾತಿಲ್ಲದೆ ಬಟ್ಟಲು ಕಿತ್ತು ಮತ್ತೆ ಉಳಿ ಹಿಡಿಯುವರು. ರೈತ ‘ಸಾಕು ಬಿಡ್ರಿ, ಮಳಿ ಬಂದೈತಿ’ ಅಂತ ಗೋಗರೆದರೂ ಕೇಳುತ್ತಿರಲಿಲ್ಲ. ಈ ಕಟ್ಟುನಿಟ್ಟು ಅಪ್ಪನಿಂದ ಬಂದದ್ದೋ ಬೆಂಗಳೂರಿನಿಂದ ಬಂದದ್ದೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಚಕ್ಕಡಿ ಗಾಲಿಗೆ ಹಳಿ ಏರಿಸುವ ದಿನ ಊರಿಗೇ ಹಬ್ಬ. ಕಮ್ಮಾರ, ಬಡಿಗ ಇಬ್ಬರೂ ಕೂಡಿ ಮಾಡುವ ಕೆಲಸ. ಕಬ್ಬಿಣದ ಹಳಿ ಗಾಲಿಗಿಂತ ಒಂದು ತುಸು ಸಣ್ಣದು. ಸುತ್ತ ಕುಳ್ಳು ಪೇರಿಸಿ ಬೆಂಕಿ ಹಚ್ಚಿದರೆ ಅದು ಕೆಂಪಗೆ ಕಾದು ಹಿಗ್ಗುತ್ತದೆ. ನಾಲ್ಕು ಮಂದಿ ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಕೂಡಿಸಿ, ಬಡಿದು, ತಡಮಾಡದೆ ನೀರು ಸುರಿಯಬೇಕು. ಹಳಿ ಕುಗ್ಗುತ್ತ ಅರಗಳನ್ನೆಲ್ಲ ನಡುವಿನ ಗುಂಬಕ್ಕೆ ಒತ್ತುವಾಗ ಗಾಲಿ ನರಳುವ ಸಪ್ಪಳ ಬರುತ್ತದೆ. ಹೊಗೆಯಲ್ಲಿ ಎಲ್ಲರೂ ಕೂಗಾಡುತ್ತಿದ್ದರೆ ಕಾಕಾ ಮಾತ್ರ ಕಿವಿಗೊಟ್ಟು ಆ ಸಪ್ಪಳ ಕೇಳುತ್ತ ನಿಂತಿರುತ್ತಿದ್ದರು. ಎಲ್ಲಿ ಬಿಗಿ, ಎಲ್ಲಿ ಸಡಿಲ ಅನ್ನುವುದು ಅದರಲ್ಲೇ ಗೊತ್ತಾಗುತ್ತಿತ್ತಂತೆ.

ಇದಕ್ಕೆಲ್ಲ ಸಿಗುತ್ತಿದ್ದದ್ದು ಆಯ. ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತ ರಾಶಿಯಿಂದ ಅಳೆದುಕೊಡುವ ಜೋಳ. ಕಣದಲ್ಲಿ ಕಾಕಾ ಕೈಯೊಡ್ಡಿ ನಿಂತದ್ದನ್ನು ನಾನು ಕಂಡಿಲ್ಲ. ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ರಾಶಿಯ ಆಚೆ ನಿಲ್ಲುವರು, ಕರೆದರೆ ಬರುವರು. ಮುಂದೆ ಜೋಳದ ಹೊಲಕ್ಕೆ ಗೋವಿನಜೋಳ, ಹತ್ತಿ ಬಂದವು. ಎತ್ತು ಕಡಿಮೆಯಾದವು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕಬ್ಬಿಣದ ಕೂರಿಗೆ ಬಾಡಿಗೆಗೆ ಸಿಗತೊಡಗಿತು. ಆಯ ಕೊಡುವವರು ಒಬ್ಬೊಬ್ಬರಾಗಿ ನಿಂತರು. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ನಮ್ಮ ಮನೆಯೂ ನಿಲ್ಲಿಸಿತು, ಆ ಸುಗ್ಗಿಯಲ್ಲಿ ನಮ್ಮ ಅಪ್ಪ ಅವರ ಮನೆಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಹೊಲಕ್ಕೆ ಹೋಗುತ್ತಿದ್ದ.

ಇನ್ನು ಅಡವಿ. ಕೆಲಸ ಇಲ್ಲದ ದಿನ ಅವರು ಮನೆಯಲ್ಲಿ ಸಿಗುತ್ತಿರಲಿಲ್ಲ. ಹೆಗಲಿಗೆ ಮಿಲ್ಟ್ರಿ ಚೀಲ, ಅದರಲ್ಲಿ ರೊಟ್ಟಿ, ಕೆಂಪು ಚಟ್ನಿ, ನೀರಿನ ಬಾಟ್ಲಿ, ಒಂದು ಸಣ್ಣ ಕೊಡಲಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕನ್ನು ಕಾಲಲ್ಲಿ ಅಳೆದವರು. ಪಡುವಣಕ್ಕೆ ಹಾನಗಲ್ಲ ದಾಟಿ ಮುಂಡಗೋಡದ ಕಡೆ ಹೋದಂತೆ ಮಳೆ ಹೆಚ್ಚು. ಸಾಗವಾನಿ, ಮತ್ತಿ, ಬಿದಿರು. ಮೂಡಣಕ್ಕೆ ಸವಣೂರಿನತ್ತ ಬಂದರೆ ಎರೆಭೂಮಿ, ಬೇವು, ಜಾಲಿ. ನಡುವೆ ವರದಾ, ಧರ್ಮಾ. ಇತ್ತ ನಮ್ಮ ಕುಮುದ್ವತಿ. ಎಲ್ಲಿ ಯಾವ ಮರ ಇದೆ, ಅದಕ್ಕೆ ಎಷ್ಟು ವಯಸ್ಸು, ಯಾವುದು ಒಳಗೆ ಪೊಟರೆ, ಎಲ್ಲ ಬಾಯಲ್ಲಿ.

ಸೈನ್ಯಕ್ಕೆ ಹೋಗುವ ಮುಂಚೆ ಹಿರಿಯರ ಜೊತೆ ಬೇಟೆಗೆ ಹೋದವರೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಹಳ್ಳಿಯಲ್ಲಿ ಕದ್ದು ಮುಚ್ಚಿ ಮೊಲ ಹೊಡೆಯುವವರಿದ್ದರು. ಕಾಕಾ ಅವರ ಜೊತೆ ಹೋಗಲಿಲ್ಲ. ‘ಸಾಕಾಗೇತಿ’ ಅನ್ನುವುದು ಅವರ ಒಂದೇ ಮಾತು. ರಾಣೆಬೆನ್ನೂರಿನ ಕೃಷ್ಣಮೃಗದ ಧಾಮಕ್ಕೆ ನನ್ನನ್ನು ಕರೆದೊಯ್ದಾಗ, ಒಂದು ಹಿಂಡು ಹುಲ್ಲಿನ ಮೇಲೆ ಹಾರಿ ಹೋದದ್ದನ್ನು ನೋಡಿ, ಎಣಿಸಿ, ದಿಕ್ಕು ಹೇಳಿ, ಚೀಲ ಬಿಚ್ಚಿ ರೊಟ್ಟಿ ಕೊಟ್ಟರು.

ಬಂಕಾಪುರದ ಕೋಟೆಗೆ ಹೋಗುತ್ತಿದ್ದದ್ದು ಮುಂಜಾನೆ. ಕಂದಕದ ಪೊದೆಗಳಲ್ಲಿ, ಖಿಲಾರಿ ದನಗಳ ಸರ್ಕಾರಿ ಕೇಂದ್ರದ ಮೇವಿನ ಹೊಲಗಳಲ್ಲಿ ನೂರಾರು ನವಿಲು. ದನದ ಕೇಂದ್ರ ಇರುವುದರಿಂದ ಆ ಜಾಗಕ್ಕೆ ಮನೆ, ಮಳಿಗೆ ಬರಲಿಲ್ಲ, ನವಿಲು ಉಳಿದವು. 2006ರಲ್ಲಿ ಅದನ್ನು ನವಿಲುಗಳ ರಕ್ಷಿತ ತಾಣವೆಂದು ಘೋಷಿಸಿದರು. ಸವಣೂರಿನ ದೊಡ್ಡಹುಣಸೆ ಮಠದ ಮೂರು ಮರಗಳನ್ನು ಮೊದಲ ಸಲ ತೋರಿಸಿದವರೂ ಅವರೇ. ಹೆಸರು ಹುಣಸೆ, ಮರ ಆಫ್ರಿಕಾದ ಬಾವೊಬಾಬ್. ಕಡಲು ದಾಟಿ ಬಂದ ಮರ. ಆನೆಯ ಮೈಯಂಥ ಬುಡವನ್ನು ಅಂಗೈಯಿಂದ ತಟ್ಟಿ, ‘ಒಳಗ ಬರೇ ನೀರು. ಬಡಿಗನ ಕೈಗೆ ಒಂದು ಹಲಗಿನೂ ಕೊಡೂದಿಲ್ಲ, ಅದಕ್ಕ ಉಳದೈತಿ’ ಅಂದರು. ಸಾಗವಾನಿಯ ಪಾಡು ನೋಡಿದವರ ಮಾತು ಅದು.

ಮಾಸೂರಿನ ಮದಗದ ಕೆರೆಯಲ್ಲಿ ಅವರಿಗೆ ಏರಿಯ ಮೇಲೆ ಒಂದು ಜಾಗ ಇತ್ತು. ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡ ಕಟ್ಟಿದ ವಿಜಯನಗರ ಕಾಲದ ಏರಿ ಅದು. ಗಾಳ ಹಾಕಿ ಕೂತರೆ ಮೀನು ಸಿಗಲಿ ಬಿಡಲಿ ಹೊತ್ತು ಮುಳುಗುವವರೆಗೆ ಕೂಡುವರು. ಒಮ್ಮೆ ಕೇಳಿದೆ, ಇಷ್ಟು ಹೊತ್ತು ಏನು ನೋಡುತ್ತೀರಿ ಅಂತ. ತೂಬಿನ ಕಲ್ಲು ತೋರಿಸಿ, ‘ಇಷ್ಟು ನೀರು ಹಿಡದು ನಿಲ್ಲಸಬೇಕಂದ್ರ ಅವ ಎಂಥ ಸ್ಯಾಪರ್ ಇದ್ದಿರಬೇಕು’ ಅಂದರು.

ಅಡವಿಯನ್ನೂ ಬಡಿಗತನವನ್ನೂ ಅವರು ಕೂಡಿಸಿದ್ದು ಜೇನಿನಲ್ಲಿ. ಹೆಜ್ಜೇನಿನ ತಂಟೆಗೆ ಹೋಗುತ್ತಿರಲಿಲ್ಲ. ಪೊಟರೆಯ ತುಡುವೆ ಹಿಡಿದು ತಾವೇ ಮಾಡಿದ ಪೆಟ್ಟಿಗೆಗೆ ಕೂಡಿಸುತ್ತಿದ್ದರು. ಪೆಟ್ಟಿಗೆಯೊಳಗಿನ ಚೌಕಟ್ಟುಗಳ ನಡುವೆ ಹುಳ ಓಡಾಡುವಷ್ಟೇ ಸಂದು ಬಿಡಬೇಕು. ಹೆಚ್ಚಾದರೆ ನಡುವೆ ಅಡ್ಡಾದಿಡ್ಡಿ ತೊಟ್ಟಿ ಕಟ್ಟುತ್ತವೆ, ಕಡಿಮೆಯಾದರೆ ಮೇಣ ಮೆತ್ತಿ ಮುಚ್ಚಿಬಿಡುತ್ತವೆ. ಕಾಳು ಎಣಿಸುವ ಮನುಷ್ಯನಿಗೆ ಹೇಳಿಮಾಡಿಸಿದ ಕೆಲಸ. ಹಾನಗಲ್ಲ ಕಡೆಯ ಮಾವಿನ ತೋಪುಗಳಲ್ಲಿ ಅವರ ಪೆಟ್ಟಿಗೆಗಳಿದ್ದವು. 1991-92ರಲ್ಲಿ ದಕ್ಷಿಣ ಭಾರತದ ತುಡುವೆಗೆಲ್ಲ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಡಿಯಿತು. ಮರಿಹುಳು ಚೀಲದಂತೆ ಉಬ್ಬಿ ಸಾಯುವ ರೋಗ. ಕರ್ನಾಟಕದ ಜೇನು ಕುಟುಂಬಗಳಲ್ಲಿ ಬಹುಪಾಲು ಹೋದವು. ಕಾಕಾ ಪೆಟ್ಟಿಗೆ ಪೆಟ್ಟಿಗೆ ತೆರೆದು ನೋಡಿದರು. ಒಂದೂ ಉಳಿಯಲಿಲ್ಲ. ಯುದ್ಧದ ಮಾತಿಗೆ ಕಣ್ಣು ತೇವ ಮಾಡಿಕೊಳ್ಳದವರು ಆ ದಿನ ಕಟ್ಟೆಯ ಮೇಲೆ ಕೂತು ಅತ್ತದ್ದನ್ನು ನಾನು ಕಂಡೆ. ಪೆಟ್ಟಿಗೆಗಳನ್ನೆಲ್ಲ ಸುಟ್ಟರು, ರೋಗ ಹಬ್ಬಬಾರದೆಂದು. ಒಂದು ಚೌಕಟ್ಟು ಮಾತ್ರ ಉಳಿಸಿಕೊಂಡಿದ್ದರು. ಅದು ಟ್ರಂಕಿನಲ್ಲಿತ್ತು ಅಂತ ನನಗೆ ಹೋದ ವರ್ಷದವರೆಗೆ ಗೊತ್ತಿರಲಿಲ್ಲ.

ಕೊನೆಯ ಹತ್ತು ವರ್ಷ ಕೈ ನಡುಗುತ್ತಿತ್ತು. ದೊಡ್ಡ ಕೆಲಸ ಬಿಟ್ಟು ಕೊಡಲಿ ಕಾವು, ಮಕ್ಕಳಿಗೆ ಬುಗುರಿ, ಮಣೆ ಮಾಡುತ್ತಿದ್ದರು. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಕರೆದರೆ ಪದಕ ಹಾಕಿಕೊಂಡು ಹೋಗಿ ನಿಂತು ಬರುವರು. ಅವರ ಶಾಲು ಹೊದಿಸಿದ ಫೋಟೊ ಹತ್ತಾರಿವೆ. ಅವರು ಯಾವ ವರ್ಷ ಸೇರಿದರು, ಎಲ್ಲೆಲ್ಲಿ ಇದ್ದರು, ಎಷ್ಟು ಕೂರಿಗೆ ಮಾಡಿದರು, ಯಾವ ಗುಡಿಯ ಬಾಗಿಲು ಅವರದು ಎಂದು ಕೇಳಿ ಬರೆದುಕೊಂಡವರು ಒಬ್ಬರೂ ಇಲ್ಲ. ಗೋಡೆಗೆ ಗೋಡೆ ಹತ್ತಿ ಬೆಳೆದ ನಾನೂ ಬರೆದುಕೊಳ್ಳಲಿಲ್ಲ. ಇವತ್ತು ಈ ಲೇಖನಕ್ಕೆ ಅವರು ಸೇರಿದ ಇಸವಿ ಬೇಕೆಂದರೆ ಕೇಳಲು ಯಾರೂ ಉಳಿದಿಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ಸೀಮೆಯ ಯಾವ ಊರಿಗೆ ಹೋದರೂ ಒಬ್ಬ ಮಿಲ್ಟ್ರಿ ಅಜ್ಜ ಸಿಗುತ್ತಾರೆ. 1965, 1971 ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಹಾಗೆಯೇ ಕೂರಿಗೆಯ ಬಟ್ಟಲು ಕೊರೆಯಲು ಬಲ್ಲ ಬಡಿಗೇರು ಊರಿಗೊಬ್ಬರೂ ಇಲ್ಲ, ಹೋಬಳಿಗೆ ಹುಡುಕಬೇಕು. ನಮ್ಮ ಹೈಸ್ಕೂಲುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ: ಎಂಟನೇ, ಒಂಬತ್ತನೇ ಮಕ್ಕಳನ್ನು ಒಂದು ನೋಟ್‌ಬುಕ್ಕು ಕೊಟ್ಟು ಇವರ ಮನೆಗೆ ಕಳಿಸಿ. ನಂಬರು, ಪಡೆ, ಸೇರಿದ ವರ್ಷ, ಬಂದ ವರ್ಷ, ಬಂದ ಮೇಲೆ ಮಾಡಿದ ಕೆಲಸ, ಕಂಡ ಕಾಡು, ಕೆರೆ, ಇಷ್ಟು ಬರೆದು ತರಲಿ. ಒಂದು ಪ್ರತಿ ಶಾಲೆಯಲ್ಲಿರಲಿ, ಒಂದು ಪಂಚಾಯ್ತಿ ಗ್ರಂಥಾಲಯದಲ್ಲಿರಲಿ.

ಇದನ್ನು ಓದುತ್ತಿರುವ ನಿಮ್ಮ ಓಣಿಯಲ್ಲೂ ಅಂಥವರೊಬ್ಬರಿದ್ದರೆ, ಇವತ್ತೇ ಸಂಜೆಗೆ ಹೋಗಿ ಕೂತು ಕೇಳಿ. ಪೆನ್ನು ಒಯ್ಯಿರಿ.